ಕಾಣದ ತುದಿಯ ಕಾಳಜಿ

ಮನುಷ್ಯನು ತಾನು ಮಾಡಿದ ವಸ್ತುವಿನ ಕಾಣುವ ಮೈಗೆ ಕೊಡುವಷ್ಟು ಗಮನವನ್ನು ಅದರ ಕಾಣದ ಮೈಗೆ ಕೊಡುವುದು ಅಪರೂಪ. ಹಬ್ಬ ಬಂದಿತೆಂದು ಮನೆಯ ಮುಂಬಾಗಿಲಿಗೆ ಬಣ್ಣ ಬಳಿಸುತ್ತೇವೆ. ಅದೇ ಬಾಗಿಲಿನ ಕೆಳ ಅಂಚಿಗೆ ಕುಂಚ ತಾಗಿತೇ ಎಂದು ಬಗ್ಗಿ ನೋಡುವವರು ಎಷ್ಟು ಮಂದಿ? ಆದರೆ ಮಳೆಯ ನೀರು ಆ ಅಂಚನ್ನೇ ಹುಡುಕಿಕೊಂಡು ಬರುತ್ತದೆ. ಕಾಲದ ದೃಷ್ಟಿ ನಮ್ಮ ದೃಷ್ಟಿಗಿಂತ ಸೂಕ್ಷ್ಮವಾದುದು. ನಾವು ಮರೆತ ಕಡೆಯನ್ನು ಅದು ಮೊದಲು ನೋಡುತ್ತದೆ. ಹಳೆಯ ಗ್ರಂಥಗಳ ನಡುವೆ ಬಾಳಿನ ಬಹುಭಾಗವನ್ನು ಕಳೆದ ನನಗೆ ಈ ಮಾತು ಹೊಸದೇನೂ ಆಗಿರಲಿಲ್ಲ. ಆದರೂ ಅದರ ಪೂರ್ಣವಾದ ಅರ್ಥವನ್ನು ಕೈಗೆ ತಾಗುವಂತೆ ತಿಳಿಸಿಕೊಟ್ಟದ್ದು, ಅಮೆರಿಕೆಯ ಮಿಷಿಗನ್ ಸಂಸ್ಥಾನದಲ್ಲಿ ನಾನು ಕಂಡ ಒಂದು ಹಳೆಯ ಪಿಕಪ್ ಗಾಡಿಯ ಮರದ ಕಟಕಟೆ. ಆ ಕಥನವನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

2023ರ ಬೇಸಿಗೆಯಲ್ಲಿ ಮಗಳು ಮತ್ತು ಅಳಿಯಂದಿರ ಒತ್ತಾಯಕ್ಕೆ ಮಣಿದು ನಾನು ಡೆಟ್ರಾಯಿಟ್ ನಗರದ ಸಮೀಪದ ಅವರ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆನು. ಅವರಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆಗೆ. ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಹಿರಿಯರೊಬ್ಬರು ಇದ್ದರು. ಮೋಟಾರು ಕಾರ್ಖಾನೆಯೊಂದರಲ್ಲಿ ಅಚ್ಚುಗಳನ್ನು ತಯಾರಿಸುವ ಕುಶಲಕರ್ಮಿಯಾಗಿ ದುಡಿದು ನಿವೃತ್ತರಾದವರು. ಅವರ ಗ್ಯಾರೇಜಿನ ಬಾಗಿಲು ದಿನವಿಡೀ ತೆರೆದಿರುತ್ತಿತ್ತು. ಮೂರನೆಯ ದಿನ ಅವರೇ ಕೈಬೀಸಿ ಕರೆದು ಒಂದು ಕುರ್ಚಿ ಹಾಕಿಕೊಟ್ಟರು. ಅಂದಿನಿಂದ ನಾನು ಊರಿಗೆ ಹೊರಡುವ ವಾರದವರೆಗೆ ಆ ಕುರ್ಚಿ ನನ್ನದಾಯಿತು. ಮೊದಮೊದಲು ನೋಡುವವನಾಗಿದ್ದೆ, ಬರಬರುತ್ತ ಹಲಗೆ ಹಿಡಿಯುವವನೂ ಉಜ್ಜುವವನೂ ಆದೆ.

ಗ್ಯಾರೇಜಿನಲ್ಲಿ ನಿಂತಿದ್ದುದು 1953ರ ಷೆವರ್ಲೆ ಪಿಕಪ್. ಪಿಕಪ್ ಎಂದರೆ ಮುಂದೆ ಚಾಲಕನ ಕೋಣೆ, ಹಿಂದೆ ಸರಕು ಹೇರಲು ತೆರೆದ ತೊಟ್ಟಿ ಇರುವ ಗಾಡಿ. ಫೋರ್ಡ್ ಸಂಸ್ಥೆಯು 1925ರಲ್ಲಿ ತನ್ನ ಹೆಸರಾಂತ ಮಾಡೆಲ್ ಟಿ ಮೋಟಾರಿಗೆ ಇಂತಹ ತೊಟ್ಟಿಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಮಾರತೊಡಗಿತು. ಅದಕ್ಕೆ ಮೊದಲು ರೈತರು ತಮ್ಮ ಕಾರಿನ ಹಿಂಭಾಗವನ್ನು ಕತ್ತರಿಸಿ ಬಡಿಗರಿಂದ ಪೆಟ್ಟಿಗೆ ಕಟ್ಟಿಸಿಕೊಳ್ಳುವುದು ವಾಡಿಕೆಯಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ, 1947ರಲ್ಲಿ, ಷೆವರ್ಲೆ ಸಂಸ್ಥೆ ಹೊರತಂದ ದುಂಡು ಮೈಯ ಪಿಕಪ್‌ಗಳು 1955ರ ಆರಂಭದವರೆಗೆ ತಯಾರಾದುವು. ಇಂದು ಆ ದೇಶದಲ್ಲಿ ಅವುಗಳನ್ನು ಹಳೆಯ ಆಭರಣದಂತೆ ಕಾಪಾಡುವವರು ಸಾವಿರಾರು ಮಂದಿ ಇದ್ದಾರೆ. ಅವುಗಳ ತೊಟ್ಟಿಯ ತಳ ಮರದ್ದು. ಹಲಗೆ ಹಲಗೆಗಳ ನಡುವೆ ಉಕ್ಕಿನ ಪಟ್ಟಿ ಕೂರಿಸಿ, ಉರುಟು ತಲೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಪಕ್ಕದ ಗೋಡೆಗಳು ಮಾತ್ರ ತಗಡಿನವು, ಅವೂ ಗಿಡ್ಡ. ಸೌದೆ, ಹುಲ್ಲಿನ ಕಂತೆ, ಕರುವನ್ನು ಸಾಗಿಸಬೇಕಾದರೆ ಆ ಎತ್ತರ ಸಾಲದು. ಆದುದರಿಂದ ತಗಡಿನ ಅಂಚಿನಲ್ಲಿ ಚೌಕಾಕಾರದ ಕುಳಿಗಳನ್ನು ಬಿಟ್ಟಿರುತ್ತಾರೆ. ಅದರಲ್ಲಿ ಮರದ ಗೂಟಗಳನ್ನು ಇಳಿಸಿ, ಗೂಟಗಳಿಗೆ ಉದ್ದುದ್ದ ಪಟ್ಟಿಗಳನ್ನು ಬಿಗಿದರೆ ಅದೇ ಕಟಕಟೆ.

ಇದನ್ನು ಕಂಡೊಡನೆ ನನಗೆ ನಮ್ಮ ಊರಿನ ಎತ್ತಿನ ಬಂಡಿ ನೆನಪಾಯಿತು. ಸುಗ್ಗಿಯ ಕಾಲದಲ್ಲಿ ಬಂಡಿಯ ಅಂಚಿನ ತೂತುಗಳಲ್ಲಿ ಗೂಟಗಳನ್ನು ನೆಟ್ಟು, ಹಗ್ಗ ಬಿಗಿದು, ಜೋಳದ ಸೊಪ್ಪೆಯನ್ನು ಮಾಳಿಗೆಯೆತ್ತರಕ್ಕೆ ಹೇರುತ್ತಿದ್ದುದನ್ನು ಕಂಡು ಬೆಳೆದವನು ನಾನು. ಕೆಲಸ ಮುಗಿದ ಮೇಲೆ ಗೂಟ ಕಿತ್ತರೆ ಬಂಡಿ ಮತ್ತೆ ಬಯಲು. ಹೇರಿದಾಗ ಎತ್ತರ, ಇಳಿಸಿದಾಗ ಹಗುರ ಎಂಬ ಒಂದೇ ಬುದ್ಧಿ ಎರಡು ಖಂಡಗಳ ರೈತರಿಗೂ ಹೊಳೆದಿದೆ. ಅಗತ್ಯ ಒಂದೇ ಆದಾಗ ಉಪಾಯವೂ ಒಂದೇ ಆಗುವುದು ಸಹಜ.

ಆ ಹಿರಿಯರ ತಂದೆಯವರು 1953ರಲ್ಲಿ ಗಾಡಿಯನ್ನು ಹೊಸದಾಗಿ ಕೊಂಡು, ಅದೇ ವರ್ಷ ತಮ್ಮ ಹೊಲದ ಕೊಟ್ಟಿಗೆಯಲ್ಲಿ ಕಟಕಟೆಯನ್ನು ತಾವೇ ಕಟ್ಟಿದ್ದರು. ಎಂಟು ವರ್ಷದ ಮಗ ಆಗ ಹಲಗೆಯ ಇನ್ನೊಂದು ತುದಿಯನ್ನು ಹಿಡಿದಿದ್ದನಂತೆ. ಈಗ ಆ ಕಟಕಟೆ ಶಿಥಿಲವಾಗಿತ್ತು. ಅದನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಮೇಜಿನ ಮೇಲೆ ಸಾಲಾಗಿ ಇರಿಸಿದಾಗ ನಾನು ಕಂಡ ನೋಟ ಮರೆಯಲಾಗದ್ದು. ಬಿಸಿಲು, ಹಿಮ, ಮಳೆಗಳಿಗೆ ಮೈಯೊಡ್ಡಿದ್ದ ಪಟ್ಟಿಗಳ ನಡುಭಾಗ ಬೂದಿಬಣ್ಣಕ್ಕೆ ತಿರುಗಿದ್ದರೂ ಒಳಗೆ ಗಟ್ಟಿಯಾಗಿಯೇ ಇತ್ತು. ಕೊಳೆತಿದ್ದುದು ಮೂರೇ ಕಡೆ. ಕುಳಿಯೊಳಗೆ ಅಡಗಿದ್ದ ಗೂಟದ ಬುಡ, ಪಟ್ಟಿಗಳ ಕತ್ತರಿಸಿದ ತುದಿಗಳು ಮತ್ತು ಬೋಲ್ಟು ತೂರಿದ ತೂತುಗಳ ಸುತ್ತ. ಎಲ್ಲಿ ಕಣ್ಣಿಗೆ ಕಾಣುತ್ತಿತ್ತೋ ಅಲ್ಲಿ ಮೂರು ಸಲ ಬಣ್ಣ ಬಿದ್ದಿತ್ತು. ಎಲ್ಲಿ ಕಾಣುತ್ತಿರಲಿಲ್ಲವೋ ಅಲ್ಲಿ ಒಂದು ಸಲವೂ ಬಿದ್ದಿರಲಿಲ್ಲ.

ಇದಕ್ಕೆ ಕಾರಣ ಮರದ ರಚನೆಯಲ್ಲಿಯೇ ಇದೆ. ಮರವೆಂದರೆ ಬೇರಿನಿಂದ ಎಲೆಗೆ ನೀರೊಯ್ಯುತ್ತಿದ್ದ ಸೂಕ್ಷ್ಮ ನಾಳಗಳ ಕಟ್ಟು. ಹಲಗೆಯ ಅಗಲವಾದ ಮುಖದಲ್ಲಿ ಈ ನಾಳಗಳ ಪಕ್ಕದ ಗೋಡೆ ಕಾಣುತ್ತದೆ; ಅಡ್ಡಲಾಗಿ ಕೊಯ್ದ ತುದಿಯಲ್ಲಿ ಅವುಗಳ ಬಾಯಿಯೇ ತೆರೆದಿರುತ್ತದೆ. ಬದುಕಿದ್ದಾಗ ನೀರು ಕುಡಿದ ಬಾಯಿ ಸತ್ತ ಮೇಲೂ ಕುಡಿಯುತ್ತಲೇ ಇರುತ್ತದೆ. ಮರದ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಬಾಳ್ವೆಯಿಲ್ಲ. ಶೇಕಡ 30ರ ಆಸುಪಾಸಿಗೆ ಏರಿ ಅಲ್ಲಿಯೇ ನಿಂತಿತೆಂದರೆ ಅದಕ್ಕೆ ಹಬ್ಬ. ತೆರೆದ ಮೈ ನೆನೆದರೂ ಗಾಳಿಗೆ ಒಣಗುತ್ತದೆ. ಕುಳಿಯೊಳಗಿನ ಬುಡ ಒಮ್ಮೆ ನೆನೆದರೆ ವಾರಗಟ್ಟಲೆ ಒಣಗದು. ಆದುದರಿಂದ ಮರಕ್ಕೆ ನಿಜವಾದ ಶತ್ರು ಬೀಳುವ ಮಳೆಯಲ್ಲ, ಹೋಗದೆ ನಿಂತ ತೇವ.

ಶ್ರೀಮಠದಲ್ಲಿ ಓದಿ ಬೆಳೆದು, ಓಲೆಗರಿಗಳ ಓದಿನಲ್ಲಿ ಮೂವತ್ತು ವರ್ಷ ಕಳೆದ ನನಗೆ ಈ ನೋಟ ಪರಿಚಿತವೆನಿಸಿತು. ತಾಳೆಗರಿಯ ಕಟ್ಟುಗಳಲ್ಲಿಯೂ ಮೊದಲು ಹೋಗುವುದು ಅಂಚುಗಳೇ. ಹುಳು ಒಳನುಗ್ಗುವುದು ಗರಿಯ ತುದಿಯಿಂದ, ಇಲ್ಲವೆ ದಾರ ಪೋಣಿಸಿದ ರಂಧ್ರದಿಂದ. ಮೇಲೆ ಕೆಳಗೆ ಮರದ ಹಲಗೆಯಿಟ್ಟು ಕಟ್ಟಿದರೂ ಮೊದಲ ಗರಿ, ಕೊನೆಯ ಗರಿಗಳು ಜೀರ್ಣವಾಗುತ್ತವೆ. ದುರ್ದೈವವೆಂದರೆ, ಕೃತಿಕಾರನು ತನ್ನ ಹೆಸರನ್ನೂ ಪ್ರತಿಕಾರನು ತನ್ನ ಊರು, ಸಂವತ್ಸರಗಳನ್ನೂ ಬರೆಯುತ್ತಿದ್ದುದು ಬಹುಮಟ್ಟಿಗೆ ಆ ಕೊನೆಯಲ್ಲಿಯೇ. ನಡುವಿನ ನೂರು ಗರಿ ಉಳಿದು, ಬರೆದವನ ಹೆಸರಿದ್ದ ಒಂದು ಗರಿ ಹುಡಿಯಾದುದನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದು ನಿಟ್ಟುಸಿರು ಬಿಟ್ಟಿದ್ದೇನೆ.

ಆ ಗ್ಯಾರೇಜಿನಲ್ಲಿಯೂ ಅಂಥದೇ ಒಂದು ಸಂಗತಿ ನಡೆಯಿತು. ಗೂಟಗಳ ಬುಡವನ್ನು ಹಿರಿಯರು ಬ್ರಷ್ಷಿನಿಂದ ಮೆಲ್ಲನೆ ಉಜ್ಜುತ್ತಿದ್ದರು. ಎಲ್ಲವೂ ಪುಡಿಪುಡಿಯಾಗಿ ಉದುರಿದುವು. ಒಂದೇ ಒಂದು ಗೂಟದ ಬುಡದಲ್ಲಿ ಸ್ವಲ್ಪ ಗಟ್ಟಿ ಮರ ಉಳಿದಿತ್ತು. ಅದರ ಮೇಲೆ ಉಳಿಯಿಂದ ಹೊಡೆದ ಮೂರು ಗೀರುಗಳು. ಯಾವ ಗೂಟ ಯಾವ ಕುಳಿಗೆ ಎಂದು ತಿಳಿಯಲು ಬಡಿಗರು ಹೀಗೆ ಗುರುತು ಹಾಕುವುದು ಎಲ್ಲ ದೇಶಗಳಲ್ಲಿಯೂ ಇದೆ. ನಮ್ಮಲ್ಲಿ ಬಾಗಿಲಿನ ಚೌಕಟ್ಟನ್ನು ಬಿಚ್ಚಿ ಸಾಗಿಸುವಾಗಲೂ ಹೀಗೆಯೇ ಮಾಡುತ್ತಾರೆ. ಗೂಟ ಕುಳಿಗಿಳಿದ ಮೇಲೆ ಆ ಗುರುತನ್ನು ಎಪ್ಪತ್ತು ವರ್ಷ ಯಾರೂ ನೋಡಿರಲಿಲ್ಲ. ಹಿರಿಯರು ಬಹಳ ಹೊತ್ತು ಆ ಗೀರುಗಳ ಮೇಲೆ ಹೆಬ್ಬೆರಳನ್ನು ಇಟ್ಟುಕೊಂಡಿದ್ದರು. ಬಳಿಕ ಏನೂ ಹೇಳದೆ ಅದನ್ನು ಮೇಲಿನ ಕಪಾಟಿನಲ್ಲಿ ಇರಿಸಿದರು.

ಈಗ ಎದ್ದ ಪ್ರಶ್ನೆ, ಹಳೆಯದನ್ನು ತೇಪೆ ಹಾಕಿ ಉಳಿಸಬೇಕೇ ಅಥವಾ ಹೊಸದನ್ನು ಕಟ್ಟಬೇಕೇ ಎಂಬುದು. ಅವರ ಮಗ ರಜೆಯ ದಿನ ಬಂದವರು, ಪ್ಲಾಸ್ಟಿಕ್ ಹಲಗೆಯದು ಸಿಗುತ್ತದೆ, ಕೊಳೆಯುವುದಿಲ್ಲ, ಎರಡು ಗಂಟೆಯ ಕೆಲಸ ಎಂದರು. ಮಾತು ಸ್ವಲ್ಪ ಬಿರುಸಾಯಿತು. ತಂದೆ ಕಟ್ಟಿದ್ದನ್ನು ತೆಗೆದು ಎಸೆಯುವುದೆಂದರೆ ಏನು, ಇಟ್ಟುಕೊಂಡರೂ ಉಪಯೋಗವೇನು ಎಂಬ ಎರಡು ನೋವುಗಳ ನಡುವೆ ಹಿರಿಯರು ನನ್ನತ್ತ ತಿರುಗಿ, “ನಿಮ್ಮ ಗ್ರಂಥಗಳು ಹೀಗಾದಾಗ ನೀವು ಏನು ಮಾಡುತ್ತೀರಿ?” ಎಂದು ಕೇಳಿದರು. ನಾನು ಹೇಳಿದೆ: “ನಮ್ಮ ಹಿಂದಿನವರು ಗರಿ ಪೂರ್ತಿ ಕೆಡುವ ಮೊದಲು ಅದನ್ನು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ಹಳೆಯ ಗರಿಯ ಆಯುಷ್ಯ ಮುಗಿದರೂ ಓದು ಮುಗಿಯುತ್ತಿರಲಿಲ್ಲ. ನಮಗೆ ದೊರೆತಿರುವ ಹಳೆಯ ಕಾವ್ಯಗಳಲ್ಲಿ ಕವಿಯ ಕೈಬರಹವೆಂಬುದು ಇಲ್ಲವೇ ಇಲ್ಲ ಎನ್ನಬಹುದು. ಇರುವುದೆಲ್ಲ ಪ್ರತಿಯ ಪ್ರತಿ. ಆದರೆ ಪ್ರತಿ ಮಾಡಲು ಕೂರುವವನಿಗೆ ಅಕ್ಷರ ಬರುತ್ತಿರಬೇಕು.” ಅವರು ತಲೆದೂಗಿದರು. ಮರುದಿನದಿಂದ ಅವರ ಹದಿನಾರು ವರ್ಷದ ಮೊಮ್ಮಗನೂ ಗ್ಯಾರೇಜಿಗೆ ಬರತೊಡಗಿದ. ಅಜ್ಜನ ಬಲಗೈಯಲ್ಲಿ ನಡುಕವಿತ್ತು. ನಿಖರವಾಗಿ ಕೊಯ್ಯುವ ಕೆಲಸ ಇನ್ನು ತಮ್ಮಿಂದಾಗದೆಂಬುದನ್ನು ಅವರು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲು ಮರದ ಆಯ್ಕೆ. ಹಳೆಯ ಕಟಕಟೆ ಆಷ್ ಎಂಬ ಮರದ್ದು. ಅದು ಹಗುರ, ಬಾಗಿದರೂ ಮುರಿಯದ ಗುಣವುಳ್ಳದ್ದು. ಬೇಸ್‌ಬಾಲ್ ದಾಂಡುಗಳಿಗೂ ಹಿಂದಿನ ಮೋಟಾರುಗಳ ಒಳಚೌಕಟ್ಟಿಗೂ ಅದನ್ನು ಬಳಸುತ್ತಿದ್ದರು. ಆದರೆ ತೇವವನ್ನು ತಾಳುವ ಶಕ್ತಿ ಅದಕ್ಕೆ ಕಡಿಮೆ. ಮೇಲಾಗಿ ಇಂದು ಆ ಮರಕ್ಕೇ ಗಂಡಾಂತರ ಬಂದಿದೆ. ಏಷ್ಯಾ ಖಂಡದಿಂದ ಬಂದ ಹಸಿರು ಬಣ್ಣದ ಜೀರುಂಡೆಯೊಂದನ್ನು 2002ರಲ್ಲಿ ಇದೇ ಡೆಟ್ರಾಯಿಟ್ ಪ್ರದೇಶದಲ್ಲಿ ಮೊದಲು ಗುರುತಿಸಲಾಯಿತು. ಸರಕಿನ ಪೆಟ್ಟಿಗೆಗಳ ಮರದಲ್ಲಿ ಅಡಗಿ ಬಂದಿರಬೇಕೆಂದು ತಜ್ಞರ ಅಭಿಪ್ರಾಯ. ಅದರ ಮರಿಹುಳು ತೊಗಟೆಯ ಕೆಳಗೆ ಕೊರೆಯುತ್ತ ಹೋಗಿ ಮರದ ಆಹಾರನಾಳಗಳನ್ನು ಕಡಿದುಹಾಕುತ್ತದೆ. ಹೊರಗೆ ಕಾಣುವುದು ಒಂದು ಸಣ್ಣ ರಂಧ್ರ ಮಾತ್ರ. ಅದು ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಕೋಟ್ಯಂತರ ಆಷ್ ಮರಗಳು ಹೀಗೆ ಸತ್ತಿವೆ. ಮಗಳ ಮನೆಯ ಬೀದಿಯಲ್ಲಿ ಸಾಲಾಗಿದ್ದ ಮರಗಳ ಜಾಗದಲ್ಲಿ ಈಗ ಹುಲ್ಲು ಬೆಳೆದ ವೃತ್ತಗಳು ಮಾತ್ರ ಇವೆ.

ಆದುದರಿಂದ ಓಕ್ ಮರವನ್ನು ಆರಿಸಿದರು. ಓಕ್‌ನಲ್ಲಿ ಕೆಂಪು, ಬಿಳಿ ಎಂದು ಎರಡು ಬಗೆ. ಮರದಂಗಡಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಕೆಂಪಿಗೆ ಬೆಲೆ ಕಡಿಮೆ. ಹಿರಿಯರು ಎರಡರದೂ ಒಂದೊಂದು ಗೇಣುದ್ದದ ತುಂಡನ್ನು ತಂದು, ಒಂದು ತುದಿಯನ್ನು ಸಾಬೂನಿನ ನೀರಿಗೆ ಅದ್ದಿ, ಇನ್ನೊಂದು ತುದಿಯನ್ನು ಬಾಯಿಗಿಟ್ಟು ಊದುವಂತೆ ಮೊಮ್ಮಗನಿಗೆ ಹೇಳಿದರು. ಕೆಂಪು ಓಕ್‌ನ ತುದಿಯಿಂದ ಗುಳ್ಳೆಗಳು ಎದ್ದುವು. ಗಟ್ಟಿ ಮರದೊಳಗೆ ಉಸಿರು ಹಾದುಹೋದುದನ್ನು ಕಂಡು ಹುಡುಗ ನಕ್ಕ; ನಾನೂ ಬೆರಗಾದೆ. ಬಿಳಿ ಓಕ್‌ನಲ್ಲಿ ಎಷ್ಟು ಊದಿದರೂ ಒಂದು ಗುಳ್ಳೆಯಿಲ್ಲ. ಅದರ ನಾಳಗಳು ಮರ ಬದುಕಿರುವಾಗಲೇ ಒಳಗಿನಿಂದ ಬೆಳೆದ ಪೊರೆಗಳಿಂದ ಮುಚ್ಚಿಕೊಂಡಿರುತ್ತವೆ. ಆದುದರಿಂದಲೇ ಮದ್ಯದ ಪೀಪಾಯಿಗಳಿಗೂ ಹಿಂದಿನ ಹಡಗುಗಳಿಗೂ ಬಿಳಿ ಓಕ್ ಬೇಕಾಗುತ್ತಿತ್ತು. 1797ರಲ್ಲಿ ನೀರಿಗಿಳಿದು ಇಂದಿಗೂ ಬಾಸ್ಟನ್ ಬಂದರಿನಲ್ಲಿ ತೇಲುತ್ತಿರುವ ಕಾನ್‌ಸ್ಟಿಟ್ಯೂಷನ್ ಎಂಬ ಯುದ್ಧನೌಕೆಯ ಹೊರಹಲಗೆ ಬಿಳಿ ಓಕ್‌ನದು. ಇಲ್ಲಿಯೂ ವಿಚಾರ ಅದೇ. ಎರಡು ಮರಗಳ ವ್ಯತ್ಯಾಸ ಮೈಯ ಮೇಲಿಲ್ಲ, ಮೈಯೊಳಗಿದೆ.

ಅಳತೆಯ ವಿಷಯದಲ್ಲಿ ಅವರು ತೋರಿದ ನಿಷ್ಠೆಯನ್ನು ಹೇಳಬೇಕು. ಆ ದೇಶದಲ್ಲಿ ಎರಡಂಗುಲ ನಾಲ್ಕಂಗುಲ ಎಂದು ಮಾರುವ ಮರ ವಾಸ್ತವವಾಗಿ 1.5 ಅಂಗುಲ ದಪ್ಪ, 3.5 ಅಂಗುಲ ಅಗಲ ಇರುತ್ತದೆ. ಹೆಸರನ್ನು ನಂಬಿ ಗೂಟ ಮಾಡಿದರೆ ಕುಳಿಯಲ್ಲಿ ಕೂರದು. ಅವರು ಪ್ರತಿಯೊಂದು ಕುಳಿಗೂ ರಟ್ಟಿನ ಅಚ್ಚು ಕತ್ತರಿಸಿ ಇಳಿಸಿ ನೋಡಿದರು. ಒಂದೇ ಗಾಡಿಯ ಎರಡು ಕುಳಿಗಳು ಒಂದೇ ಅಳತೆಯವಾಗಿರಲಿಲ್ಲ. ತಂದೆಯವರ ಮೂರು ಗೀರುಗಳ ಅಗತ್ಯ ಆಗ ನಮಗೆ ಅರ್ಥವಾಯಿತು. ಗೂಟ ಕುಳಿಯಲ್ಲಿ ಬಿಗಿಯಾಗಿ ಕೂರಬೇಕೆಂದು ಹುಡುಗ ಬಯಸಿದ. ಅಜ್ಜ ಒಪ್ಪಲಿಲ್ಲ. ನಾಲ್ಕೂ ಕಡೆ ಒಂದು ಅಂಚೆ ಕಾರ್ಡಿನ ದಪ್ಪದಷ್ಟು ತೆರವು ಬಿಡಿಸಿದರು. ಮರ ತೇವಕ್ಕೆ ಹಿಗ್ಗುತ್ತದೆ. ಬಿಗಿಯಾದ ಗೂಟ ಹಿಗ್ಗಿದರೆ ಒಂದೋ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೆ ತಗಡನ್ನು ಉಬ್ಬಿಸುತ್ತದೆ. ತೆರವಿದ್ದರೆ ನೀರು ಕೆಳಗೆ ಹರಿದುಹೋಗುತ್ತದೆ, ಗಾಳಿಯೂ ಆಡುತ್ತದೆ.

ಈ ಹಿಗ್ಗು ಕುಗ್ಗುಗಳ ಲೆಕ್ಕವನ್ನು ಅವರು ಒಂದು ದಪ್ಪ ಪುಸ್ತಕದಿಂದ ತೆಗೆದು ತೋರಿಸಿದರು. ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಸ್ಥಾಪನೆಯಾದ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯವು ಪ್ರಕಟಿಸುತ್ತ ಬಂದಿರುವ ಕೈಪಿಡಿ ಅದು. ಅದರಂತೆ ಹಸಿಯ ಬಿಳಿ ಓಕ್ ಪೂರ್ತಿ ಒಣಗಿದಾಗ ವಾರ್ಷಿಕ ಉಂಗುರಗಳ ಗುಂಟ ಶೇಕಡ 10.5ರಷ್ಟು, ಉಂಗುರಗಳಿಗೆ ಅಡ್ಡಲಾಗಿ ಶೇಕಡ 5.6ರಷ್ಟು ಕುಗ್ಗುತ್ತದೆ, ಉದ್ದದಲ್ಲಿ ಮಾತ್ರ ಗಣನೆಗೆ ಬಾರದಷ್ಟು. ಕುಲುಮೆಯಲ್ಲಿ ಒಣಗಿಸಿ ತಂದ 5 ಅಂಗುಲ ಅಗಲದ ಹಲಗೆ ಮಳೆಗಾಲದಲ್ಲಿ ಸುಮಾರು 1/8 ಅಂಗುಲ ಹಿಗ್ಗಬಹುದು. ಆದುದರಿಂದ ಬೋಲ್ಟಿನ ತೂತನ್ನು ಬೋಲ್ಟಿಗಿಂತ ತುಸು ದೊಡ್ಡದಾಗಿ ಕೊರೆಯಬೇಕು. ಮರಕ್ಕೆ ಅಲುಗಲು ಅವಕಾಶ ಕೊಡದವನು ಮರವನ್ನು ತಾನೇ ಸೀಳುತ್ತಾನೆ. ಇದು ಮರಕ್ಕೆ ಮಾತ್ರ ಅನ್ವಯಿಸುವ ಮಾತಲ್ಲವೆಂದು, ಮನೆಯಲ್ಲಿ ಬೆಳೆದ ಮಕ್ಕಳಿರುವ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬೋಲ್ಟುಗಳ ವಿಷಯದಲ್ಲಿ ನನಗೂ ಒಂದು ಮಾತು ಹೇಳುವ ಅವಕಾಶ ಒದಗಿತು. ಸಾಧಾರಣ ಕಬ್ಬಿಣದ ಬೋಲ್ಟು ಹಾಕಿದರೆ ಓಕ್ ಮರ ಸುತ್ತಲೂ ಮಸಿ ಚೆಲ್ಲಿದಂತೆ ಕಪ್ಪಾಗುತ್ತದೆ ಎಂದು ಹಿರಿಯರು ಮೊಮ್ಮಗನಿಗೆ ವಿವರಿಸುತ್ತಿದ್ದರು. ಮಸಿ ಚೆಲ್ಲಿದಂತೆ ಅಲ್ಲ, ಅದು ಮಸಿಯೇ ಎಂದು ನಾನು ಹೇಳಿದೆ. ಅಳಲೆಕಾಯಿಯ ಒಗರು ರಸಕ್ಕೆ ಅನ್ನಭೇದಿಯನ್ನು ಕೂಡಿಸಿ ಕಪ್ಪು ಮಸಿ ಮಾಡುತ್ತಿದ್ದುದು ನಮ್ಮ ಕಡೆಯ ಹಳೆಯ ಕ್ರಮ. ಅಳಲೆಕಾಯಿಯಲ್ಲಿರುವ ಒಗರಿನ ಸತ್ವವೇ ಓಕ್ ಮರದಲ್ಲಿಯೂ ಇದೆ. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಐರೋಪ್ಯರು ಶತಮಾನಗಳ ಕಾಲ ಓಕ್ ಮರದ ಗಂಟುಕಾಯಿಗಳಿಂದಲೇ ಮಸಿ ಮಾಡಿದರು. ಇದನ್ನು ಕೇಳಿ ಅವರಿಗೆ ಬಹಳ ಸಂತೋಷವಾಯಿತು. ತುಕ್ಕುಹಿಡಿಯದ ಉಕ್ಕಿನ ಬೋಲ್ಟುಗಳನ್ನೇ ತರಿಸಿದರು. ಓಕ್ ಮರವನ್ನು ಉಕ್ಕಿನ ನಾರಿನಿಂದ ಉಜ್ಜಬಾರದೆಂಬುದಕ್ಕೂ ಇದೇ ಕಾರಣ. ಮರದ ರಂಧ್ರದಲ್ಲಿ ಸಿಕ್ಕ ಒಂದೆರಡು ಎಳೆ ಸಾಕು, ಮೊದಲ ಮಳೆಗೆ ಕಪ್ಪು ಚುಕ್ಕೆಗಳು ಏಳುತ್ತವೆ.

ಕೊಯ್ಯುವುದು, ಕೀಸುವುದು, ಕೊರೆಯುವುದು ಎರಡು ವಾರದಲ್ಲಿ ಮುಗಿಯಿತು. ಉಳಿದ ನಾಲ್ಕು ವಾರ ಒಪ್ಪ ಕೊಡುವುದಕ್ಕೆ ಹಿಡಿಯಿತು. ಗೂಟಗಳ ಮೇಲ್ತುದಿಯನ್ನು ನೀರು ನಿಲ್ಲದಂತೆ ಇಳಿಜಾರಾಗಿ ಕೊಯ್ದರು. ಎಲ್ಲ ಚೂಪು ಅಂಚುಗಳನ್ನು ಉರುಟು ಮಾಡಿದರು. ಚೂಪಾದ ಅಂಚಿನ ಮೇಲೆ ವಾರ್ನಿಷ್ ನಿಲ್ಲದೆ ಎರಡು ಕಡೆಗೂ ಸರಿದು ಅಲ್ಲಿ ತೆಳ್ಳಗಾಗುತ್ತದೆ. ಬಿರುಕು ಅಲ್ಲಿಂದಲೇ ಆರಂಭ. ಉಪ್ಪುಕಾಗದದಿಂದ ಉಜ್ಜುವ ಕೆಲಸ ನನ್ನ ಪಾಲಿಗೆ ಬಂದಿತು. ಮೊದಲು 80ರ ಒರಟು ಕಾಗದ, ಬಳಿಕ 120, ಕೊನೆಗೆ 150. ಇನ್ನೂ ನುಣುಪಾಗಲಿ ಎಂದು ಮುಂದೆ ಹೋಗುವುದು ಹೊರಗಿಡುವ ಮರಕ್ಕೆ ಒಳ್ಳೆಯದಲ್ಲ. ಗಾಜಿನಂತಹ ಮೈಯನ್ನು ವಾರ್ನಿಷ್ ಹಿಡಿದುಕೊಳ್ಳುವುದಿಲ್ಲ. ಉಜ್ಜುವುದು ಯಾವಾಗಲೂ ಎಳೆಯ ಗುಂಟ. ಅಡ್ಡ ಉಜ್ಜಿದ ಗೀರು ಆಗ ಕಾಣದಿದ್ದರೂ ವಾರ್ನಿಷ್ ಬಿದ್ದೊಡನೆ ಎದ್ದು ಕಾಣುತ್ತದೆ.

ಅವರು ಬಳಸಿದುದು ಹಡಗಿನ ಪಟಸ್ತಂಭಗಳಿಗಾಗಿ ಹುಟ್ಟಿದ ವಾರ್ನಿಷ್. ಅದರಲ್ಲಿ ಎಣ್ಣೆಯ ಪಾಲು ಹೆಚ್ಚು. ಒಣಗಿದ ಮೇಲೂ ತುಸು ಬಾಗುವ ಗುಣ ಇರುವುದರಿಂದ ಮರ ಹಿಗ್ಗಿದಾಗ ಅದೂ ಹಿಗ್ಗುತ್ತದೆ. ಮನೆಯೊಳಗಿನ ಮೇಜಿಗೆ ಹಚ್ಚುವ ಗಡುಸಾದ ವಾರ್ನಿಷ್ ಹೊರಗೆ ಒಂದೆರಡು ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಡಬ್ಬಿ ತೆರೆದ ದಿನ ಹುಡುಗ ಸಹಜವಾಗಿಯೇ ಹೊರಮುಖದ ಹಲಗೆಗೆ ಕುಂಚ ಹಿಡಿದ. ಅಜ್ಜ ಅವನ ಕೈ ತಡೆದು, ಗೂಟದ ಬುಡವನ್ನು ಮುಂದಿಟ್ಟರು. ತೆಳುವಾಗಿ ಕಲಸಿದ ವಾರ್ನಿಷ್‌ನಲ್ಲಿ ಬುಡವನ್ನು ತೋಯಿಸಬೇಕು. ಮರ ಕುಡಿದಂತೆಲ್ಲ ಮತ್ತೆ ಹಚ್ಚಬೇಕು. ಇನ್ನು ಕುಡಿಯಲೊಲ್ಲೆ ಎಂದು ಮರವೇ ಹೇಳುವವರೆಗೆ. ಮೊದಲ ದಿನವೆಲ್ಲ ತುದಿಗಳಿಗೆ ಹೋಯಿತು. ಎರಡನೆಯ ದಿನ ಸಣ್ಣ ಕುಂಚದಿಂದ ಬೋಲ್ಟಿನ ತೂತುಗಳ ಒಳಗೋಡೆಗೆ. ಮೂರನೆಯ ದಿನ ಗೂಟವೂ ಪಟ್ಟಿಯೂ ಒಂದಕ್ಕೊಂದು ತಾಗುವ, ಜೋಡಿಸಿದ ಮೇಲೆ ಎಂದೂ ಕಾಣದ ಮುಖಗಳಿಗೆ. ಹೊರಮುಖಕ್ಕೆ ಕುಂಚ ತಾಗಿದ್ದು ನಾಲ್ಕನೆಯ ದಿನ. ಆಮೇಲೆ ದಿನಕ್ಕೊಂದು ಲೇಪ; ಲೇಪ ಲೇಪಗಳ ನಡುವೆ 220ರ ಕಾಗದದಿಂದ ಹಗುರವಾದ ಉಜ್ಜು. ಒಟ್ಟು ಐದು ಲೇಪ.

ಇಲ್ಲಿ ಗೃಹಸ್ಥರು ಗಮನಿಸಬೇಕಾದ ಎಚ್ಚರಿಕೆಯೊಂದಿದೆ. ಹಳೆಯ ಉಪಕರಣಗಳ ಹಿಡಿಗಳಿಗೆ ಅವರು ಅಗಸೆ ಎಣ್ಣೆ ಹಚ್ಚುತ್ತಿದ್ದರು. ನಮ್ಮ ಬಯಲುಸೀಮೆಯ ಮನೆಗಳಲ್ಲಿ ಅಗಸೆ ಚಟ್ನಿ ಉಂಡು ಬೆಳೆದವರಿಗೆ ಇದು ಸಾಧುವಾದ ಎಣ್ಣೆ. ಆದರೆ ಅದು ಒಣಗುವುದು ಗಾಳಿಯ ಆಮ್ಲಜನಕವನ್ನು ಹೀರಿ. ಹೀರುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗಲಾರದೆ, ಕಿಡಿಯ ಸೋಂಕಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾ ನಗರದ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡದ 22ನೆಯ ಅಂತಸ್ತಿನಲ್ಲಿ ಬೆಂಕಿಯೆದ್ದದ್ದು ಅಗಸೆ ಎಣ್ಣೆಯ ಬಟ್ಟೆಗಳಿಂದಲೇ. ಮೂವರು ಅಗ್ನಿಶಾಮಕರು ಪ್ರಾಣ ತೆತ್ತರು. ಕೆಲಸ ಮುಗಿದೊಡನೆ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಎಣ್ಣೆ ಮೂಲದ ವಾರ್ನಿಷ್ ಒರೆಸಿದ ಬಟ್ಟೆಗೂ ಇದೇ ನಿಯಮ. ಪ್ರತಿ ಸಂಜೆ ಬೇಲಿಯ ಮೇಲೆ ಆ ಚಿಂದಿಗಳನ್ನು ಹರವಿದ ಮೇಲೆಯೇ ಹಿರಿಯರು ಊಟಕ್ಕೆ ಏಳುತ್ತಿದ್ದರು.

ಜೋಡಿಸುವ ದಿನಕ್ಕೆ ಮೊದಲು ಒಂದು ಕೆಲಸ ಬಾಕಿಯಿತ್ತು. ಹಿರಿಯರು ಕಪಾಟಿನಿಂದ ಆ ಹಳೆಯ ತುಂಡನ್ನು ಇಳಿಸಿ, ಉಳಿ ಮತ್ತು ಕೊಡತಿಗಳನ್ನು ಮೊಮ್ಮಗನ ಕೈಗೆ ಕೊಟ್ಟು, ಪ್ರತಿ ಗೂಟದ ಬುಡದಲ್ಲಿಯೂ ಅದರದರ ಸಂಖ್ಯೆಯ ಗೀರುಗಳನ್ನು ಹೊಡೆಯಲು ಹೇಳಿದರು. ಆಗಲೇ ವಾರ್ನಿಷ್ ಕುಡಿದು ನಿಂತ ಬುಡ ಅದು. ಗೀರಿದ ಮೇಲೆ ಅಷ್ಟು ಜಾಗಕ್ಕೆ ಮತ್ತೆ ಲೇಪ ಹಚ್ಚಬೇಕು. ಹುಡುಗ, “ಇದನ್ನು ಯಾರು ನೋಡುತ್ತಾರೆ ಅಜ್ಜ?” ಎಂದ. “ಮುಂದೆ ಬಿಚ್ಚುವವನು” ಎಂದರು ಅವರು. ಹುಡುಗ ಮರುಮಾತಾಡಲಿಲ್ಲ. ಮೂರನೆಯ ಗೂಟಕ್ಕೆ ಬಂದಾಗ ಹಳೆಯ ತುಂಡನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಗೀರುಗಳ ಓರೆಯನ್ನೇ ನೋಡಿ ನೋಡಿ ಹೊಡೆದ. ಮುತ್ತಜ್ಜನ ಕೈಯ ವಾಲು ಅವನ ಕೈಗೂ ಬಂದಿತು. ನಡುಗುವ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಅಜ್ಜ ನಿಂತು ನೋಡುತ್ತಿದ್ದರು. ಓಲೆಗರಿಯನ್ನು ಪ್ರತಿ ಮಾಡುವವರ ಹಾಗೆಯೇ ಎಂದು ನನಗೆ ಅನಿಸಿತು. ಮೂಲವನ್ನು ಉಳಿಸಲಾರದವರೂ ಮೂಲದ ಬರಹವನ್ನು ಉಳಿಸಬಲ್ಲರು. ಆದರೆ ಅದನ್ನು ಕಲಿಸಿದ ಕೈ ಇನ್ನೂ ಇರುವಾಗಲೇ ಆ ಕೆಲಸವಾಗಬೇಕು.

ಹಳೆಯ ಪಟ್ಟಿಗಳಲ್ಲಿ ನಡುಭಾಗ ಗಟ್ಟಿಯಿದ್ದ ಒಂದನ್ನು ಎರಡೂ ತುದಿ ಕೊಯ್ದು, ಹಿಂಬದಿಯ ಬಾಗಿಲಿನ ಮೇಲ್ಪಟ್ಟಿಯಾಗಿ ಉಳಿಸಿಕೊಂಡರು. ಹೊಸ ಓಕ್‌ನ ಹೊನ್ನಿನ ಬಣ್ಣದ ನಡುವೆ ಅದೊಂದು ಮಾತ್ರ ನರೆಗೂದಲಿನಂತೆ ಕಾಣುತ್ತದೆ. ಹೊಳಪು ಕುಂದಿದೊಡನೆ ವರ್ಷಕ್ಕೊಮ್ಮೆ ತೊಳೆದು, ಹಗುರವಾಗಿ ಉಜ್ಜಿ, ಒಂದು ಲೇಪ ಕೊಡಬೇಕು. ಬಿರುಕು ಬಿಡುವವರೆಗೆ ಕಾದರೆ ಎಲ್ಲವನ್ನೂ ಕೆರೆದು ಮೊದಲಿನಿಂದ ಆರಂಭಿಸಬೇಕಾಗುತ್ತದೆ ಎಂದು ಅಜ್ಜ ಮೊಮ್ಮಗನಿಗೆ ಬರೆದುಕೊಟ್ಟಿದ್ದಾರೆ.

ಓದುಗ ಬಂಧುಗಳ ಮನೆಯಲ್ಲಿ ಅಂತಹ ಗಾಡಿ ಇರಲಾರದು. ಆದರೆ ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಎಲ್ಲರ ಮನೆಯಲ್ಲಿಯೂ ಇವೆ. ಬಚ್ಚಲಮನೆಯ ಬಾಗಿಲು ಕೆಳಗಿನಿಂದಲೇ ಏಕೆ ಹಾಳಾಗುತ್ತದೆ, ಕಿಟಕಿಯ ಚೌಕಟ್ಟಿನ ಕೆಳಮೂಲೆಯೇ ಏಕೆ ಮೆತ್ತಗಾಗುತ್ತದೆ ಎಂದು ಇನ್ನು ಮೇಲೆ ಒಮ್ಮೆ ಬಗ್ಗಿ ನೋಡಿರಿ. ಮುಂದಿನ ಸಲ ಬಣ್ಣದವರು ಬಂದಾಗ ಬಾಗಿಲನ್ನು ತಿರುಗಣಿಯಿಂದ ಇಳಿಸಿ, ಮೊದಲು ಅದರ ಕೆಳ ಅಂಚಿಗೂ ಮೇಲಂಚಿಗೂ ಎರಡು ಲೇಪ ಹಚ್ಚಿಸಿರಿ. ಮಂಚದ ಕಾಲುಗಳನ್ನು ಮಗುಚಿ, ನೆಲಕ್ಕೆ ತಾಗುವ ತುದಿಗೆ ಎಣ್ಣೆ ಕುಡಿಸಿರಿ. ಅರ್ಧ ದಿನದ ಈ ಕೆಲಸ ಆ ಮರಕ್ಕೆ ಎಷ್ಟೋ ವರ್ಷಗಳ ಆಯುಷ್ಯವನ್ನು ಕೊಡುತ್ತದೆ. ಆ ಹೊತ್ತಿನಲ್ಲಿ ಮನೆಯ ಮಕ್ಕಳೊಬ್ಬರಿಗೆ ಹಲಗೆಯ ಇನ್ನೊಂದು ತುದಿಯನ್ನು ಹಿಡಿಯಲು ಹೇಳಿರಿ. ಕೆಲಸವನ್ನು ನೀವೊಬ್ಬರೇ ಬೇಗ ಮುಗಿಸಬಲ್ಲಿರಿ, ನಿಜ. ಆದರೂ ಕರೆಯಿರಿ.